ಗೇಮ್‌ನ ಪಾತ್ರಕ್ಕೆ ಆಸೆ ಎಲ್ಲಿಂದ ಹುಟ್ಟಬೇಕು?

ಪ್ರಶ್ನೆ: ನಾವು ಮೂವರು ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇವೆ. ಗೇಮ್ ಕಟ್ಟುವ ಸಾಫ್ಟ್‌ವೇರ್ ಗೋಡೋ 4ರಲ್ಲಿ ಒಂದು ಲೈಫ್ ಸಿಮ್ಯುಲೇಷನ್ ಗೇಮ್ (ಪಾತ್ರಗಳ ದಿನನಿತ್ಯದ ಬದುಕನ್ನು ನಡೆಸುವ ಆಟ) ಮಾಡುತ್ತಿದ್ದೇವೆ. ಸಕಲೇಶಪುರದ ಕಡೆಯ ಒಂದು ಕಾಫಿ ತೋಟ, ಪಕ್ಕದ ಸಣ್ಣ ಊರು, ಒಟ್ಟು 12 ಪಾತ್ರಗಳು. ಪ್ರತಿ ಪಾತ್ರಕ್ಕೂ 40 ಆಸೆಗಳ ಪಟ್ಟಿ ಬರೆದಿದ್ದೇವೆ. ದಿನಾ ಬೆಳಿಗ್ಗೆ ಅದರಲ್ಲಿ ಮೂರು ಬರುತ್ತವೆ, ಈಡೇರಿಸಿದರೆ ನಾಣ್ಯ ಸಿಗುತ್ತದೆ. ಆಡಿ ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ: "ಪಾತ್ರಗಳು ಬದುಕ್ತಾ ಇದಾವೆ ಅನ್ಸಲ್ಲ, ನಮಗೆ ಕೆಲಸ ಹೇಳ್ತಾ ಇದಾವೆ ಅನ್ಸುತ್ತೆ." ಪಟ್ಟಿ ಇನ್ನೂ ಉದ್ದ ಮಾಡಬೇಕಾ? ದೊಡ್ಡ ಗುರಿಗಳನ್ನು ಹೇಗೆ ಸೇರಿಸಬೇಕು?

ಉತ್ತರ: ಪಟ್ಟಿಯನ್ನು 400ಕ್ಕೆ ಏರಿಸಿದರೂ ಅದೇ ಮಾತು ಕೇಳಿಬರುತ್ತದೆ. ನಿಮ್ಮ ಪಾತ್ರಗಳ ಆಸೆಗೆ ಕಾರಣ ಇಲ್ಲ, ತೊಂದರೆ ಇರುವುದು ಅಲ್ಲಿ. ನಿಮ್ಮ ಗೇಮ್‌ನಲ್ಲಿ ಶಾಂತಮ್ಮ ಎಂಬ ಅಜ್ಜಿ ಇದ್ದಾಳೆ ಎನ್ನಿ. ಅವಳಿಗೆ ಇವತ್ತು ಹಾಸನಕ್ಕೆ ಹೋಗಬೇಕು ಅನ್ನಿಸಿದರೆ, ನಿನ್ನೆ ಯಾಕೆ ಅನ್ನಿಸಲಿಲ್ಲ, ನಾಳೆ ಯಾಕೆ ಅನ್ನಿಸಬಾರದು ಎಂಬುದಕ್ಕೆ ಗೇಮ್ ಬಳಿ ಉತ್ತರ ಇರಬೇಕು. ಆ ಉತ್ತರ ಆಟಗಾರನಿಗೆ ಕಾಣಬೇಕು. ಕಾರಣ ತೀರಿದ ಮೇಲೆ ಆಸೆಯೂ ಹೋಗಬೇಕು. ಮುಂದೆ ಹೇಳುವುದೆಲ್ಲ ಈ ಒಂದು ನಿಯಮವನ್ನು ಕೋಡಿಗೆ ಇಳಿಸುವ ಬಗೆ.

ಮೊದಲು ಮೂರು ಸಂಗತಿಗಳನ್ನು ಬೇರೆ ಬೇರೆ ಇಡಿ: ಅಗತ್ಯ, ಆಸೆ, ಗುರಿ. ಹಸಿವು, ನಿದ್ದೆ, ಆಯಾಸ ಇವು ಅಗತ್ಯಗಳು. ಗಂಟೆಗಳ ಲೆಕ್ಕದಲ್ಲಿ ಏರಿಳಿಯುತ್ತವೆ, ಎಲ್ಲರಿಗೂ ಒಂದೇ. ಆಸೆ ಒಬ್ಬ ವ್ಯಕ್ತಿಯದು, ಒಂದು ಘಟನೆಯಿಂದ ಹುಟ್ಟಿದ್ದು, ದಿನಗಳ ಲೆಕ್ಕದ್ದು. ಗುರಿ ವರ್ಷಗಳದ್ದು, ಅದು ಆ ಪಾತ್ರ ಯಾರು ಎಂಬುದನ್ನು ಹೇಳುತ್ತದೆ. "ಊಟ ಮಾಡಬೇಕು" ಎಂಬುದನ್ನು ಆಸೆಯ ಜಾಗದಲ್ಲಿ ತೋರಿಸಿದರೆ ಆ ಜಾಗ ವ್ಯರ್ಥ. "ಅಜ್ಜಿ ಮಾಡಿದ ಕಡುಬು ತಿನ್ನಬೇಕು" ಎಂಬುದು ಆಸೆ, ಏಕೆಂದರೆ ಅದರಲ್ಲಿ ಒಬ್ಬ ವ್ಯಕ್ತಿ ಇದ್ದಾಳೆ, ಒಂದು ನೆನಪು ಇದೆ, ಅಜ್ಜಿ ಮಾಡಿಕೊಡದೇ ಹೋಗುವ ಸಾಧ್ಯತೆಯೂ ಇದೆ.

ಈ ಪ್ರಕಾರದ ಗೇಮ್‌ಗಳು ಬೆಳೆದ ದಾರಿಯನ್ನು ಒಮ್ಮೆ ನೋಡಿದರೆ ನಿಮ್ಮ ತೊಂದರೆ ಹೊಸದಲ್ಲ ಎಂದು ಗೊತ್ತಾಗುತ್ತದೆ. ವಿಲ್ ರೈಟ್ ರೂಪಿಸಿದ ದಿ ಸಿಮ್ಸ್ 2000ದಲ್ಲಿ ಬಂದಾಗ ಅದರಲ್ಲಿ ಇದ್ದದ್ದು ಎಂಟು ಅಗತ್ಯಗಳು ಮಾತ್ರ. ಫ್ರಿಜ್ಜು, ಹಾಸಿಗೆ, ಟಿವಿ ಇಂಥ ವಸ್ತುಗಳೇ "ನನ್ನಿಂದ ಇಷ್ಟು ಹಸಿವು ತೀರುತ್ತದೆ, ಇಷ್ಟು ಬೇಸರ ಕಳೆಯುತ್ತದೆ" ಎಂದು ಸಾರುತ್ತಿದ್ದವು. ಪಾತ್ರ ತನ್ನ ಕೊರತೆಗೆ ತಕ್ಕದ್ದನ್ನು ಆರಿಸಿಕೊಳ್ಳುತ್ತಿತ್ತು. 2004ರ ಎರಡನೇ ಆವೃತ್ತಿ ಇದರ ಮೇಲೆ ನಾಲ್ಕು ಆಸೆ, ಮೂರು ಭಯಗಳ ಪಟ್ಟಿ ತಂದಿತು. ಕುಟುಂಬ, ಹಣ, ಜ್ಞಾನ, ಜನಪ್ರಿಯತೆ, ಪ್ರಣಯ ಎಂದು ಪಾತ್ರಕ್ಕೆ ಒಂದು ಜೀವನದ ಒಲವನ್ನೂ ಕೊಟ್ಟಿತು. ಭಯಗಳು ನಿಜವಾಗುತ್ತಾ ಹೋಗಿ ಮನಸ್ಸು ಪೂರ್ತಿ ಕುಸಿದರೆ ಪಾತ್ರದ ನಡವಳಿಕೆಯೇ ಕೆಟ್ಟು, ಒಬ್ಬ ಮನೋವೈದ್ಯ ಬಂದು ಇಳಿಯುತ್ತಿದ್ದ. 2009ರ ಮೂರನೆಯದರಲ್ಲಿ ಜೀವಮಾನದ ಒಂದು ಬಯಕೆ ಬಂತು, ಸಣ್ಣ ಬಯಕೆಗಳಲ್ಲಿ ನಾಲ್ಕನ್ನು ಆಟಗಾರ ಒಪ್ಪಿಕೊಂಡು ಉಳಿಸಿಕೊಳ್ಳಬಹುದಾಗಿತ್ತು. 2014ರ ನಾಲ್ಕನೆಯದು ಆ ಹೊತ್ತಿನ ಭಾವನೆಗೆ ಅಂಟಿದ ಕ್ಷಣಿಕ ಬಯಕೆಗಳನ್ನು ತಂದಿತು. 2022ರಲ್ಲಿ ಅದನ್ನು ತೆಗೆದು ಮತ್ತೆ ಆಸೆ ಮತ್ತು ಭಯಕ್ಕೇ ಮರಳಿದರು. ಇಪ್ಪತ್ತು ವರ್ಷ ಒಂದೇ ಸರಣಿ ಈ ಒಂದು ಭಾಗವನ್ನು ಮತ್ತೆ ಮತ್ತೆ ತಿದ್ದಿದೆ ಎಂದರೆ ಇದು ಎಷ್ಟು ಕಷ್ಟದ್ದು ಎಂದು ಅಂದಾಜು ಮಾಡಿ. ನನ್ನ ಅಭಿಪ್ರಾಯದಲ್ಲಿ 2004ರದ್ದೇ ಈಗಲೂ ಅತ್ಯುತ್ತಮ, ಭಯವನ್ನು ಆಸೆಯ ಪಕ್ಕದಲ್ಲೇ ಇಟ್ಟಿದ್ದರಿಂದ.

ಆ ಸರಣಿಯಿಂದ ತೆಗೆದುಕೊಳ್ಳಬಾರದ ಒಂದು ಸಂಗತಿಯೂ ಇದೆ, ನೀವು ಅದನ್ನೇ ತೆಗೆದುಕೊಂಡಿದ್ದೀರಿ: ಆಸೆ ಈಡೇರಿದರೆ ಅಂಕ, ಅಂಕ ಕೂಡಿಟ್ಟರೆ ಅಂಗಡಿಯಲ್ಲಿ ಬಹುಮಾನ. ಹೀಗೆ ಮಾಡಿದ ಕೂಡಲೇ ಆಟಗಾರ ಪಾತ್ರವನ್ನು ನೋಡುವುದು ಬಿಟ್ಟು ಅಂಕಕ್ಕೆ ಲೆಕ್ಕ ಹಾಕುತ್ತಾನೆ. ಸುಲಭದ ಆಸೆಗಳನ್ನು ಆರಿಸಿ ತೀರಿಸುತ್ತಾನೆ, ಕಷ್ಟದ್ದನ್ನು ಬಿಡುತ್ತಾನೆ. ನಿಮ್ಮ ನಾಣ್ಯವನ್ನು ಈ ವಾರವೇ ತೆಗೆದುಹಾಕಿ. ಅದರ ಬದಲು ಏನು ಕೊಡಬೇಕು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಒಂದು ಆಸೆಯ ದಾಖಲೆಯಲ್ಲಿ ಏನಿರಬೇಕು

ಈಗ ನಿಮ್ಮ ಬಳಿ ಇರುವುದು ಬಹುಶಃ ಒಂದು ವಾಕ್ಯ, ಒಂದು ಷರತ್ತು, ಒಂದು ಬಹುಮಾನ. ಇದನ್ನು ಎಂಟು ಭಾಗಗಳಿಗೆ ಹಿಗ್ಗಿಸಿ. ಯಾರ ಆಸೆ, ಏನು ಮಾಡುವ ಆಸೆ, ಯಾರ ಜೊತೆ ಅಥವಾ ಯಾವುದರ ಮೇಲೆ, ಯಾವ ಘಟನೆಯಿಂದ ಹುಟ್ಟಿತು (ಘಟನೆಯ ಐಡಿ, ಅಂದರೆ ಗುರುತಿನ ಸಂಖ್ಯೆ), ಈಗಿನ ತೀವ್ರತೆ (0ರಿಂದ 100), ಎಷ್ಟು ದಿನಕ್ಕೆ ಅರ್ಧಕ್ಕೆ ಇಳಿಯುತ್ತದೆ, ಈಡೇರಿದೆ ಎನ್ನಲು ಷರತ್ತು, ಇನ್ನು ಸಾಧ್ಯವೇ ಇಲ್ಲ ಎನ್ನಲು ಷರತ್ತು. ಕೊನೆಯದನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಹಾಗಾಗಿಯೇ ತೀರಿಹೋದವರ ಜೊತೆ ಮಾತಾಡಬೇಕು ಎಂಬ ಆಸೆ ಪರದೆಯ ಮೇಲೆ ಉಳಿದುಬಿಡುತ್ತದೆ.

ಘಟನೆಯ ಐಡಿ ಇಡುವಾಗ ಒಂದು ಎಚ್ಚರ. ಹಳೆಯ ಘಟನೆಗಳನ್ನು ಸೇವ್ ಫೈಲ್ ಚಿಕ್ಕದಾಗಲಿ ಎಂದು ಅಳಿಸುತ್ತೀರಿ. ಆಗ ಆಸೆಯ ಕಾರಣ ಖಾಲಿಯಾಗಿ ಗೇಮ್ ಬೀಳುತ್ತದೆ ಅಥವಾ "ಏಕೆಂದರೆ" ಎಂಬ ಸಾಲು ಬರಿದಾಗಿ ಕಾಣುತ್ತದೆ. ಯಾವುದಾದರೂ ಆಸೆಯೋ ಗುರಿಯೋ ನೆನಪೋ ಹಿಡಿದುಕೊಂಡಿರುವ ಘಟನೆಯನ್ನು ಅಳಿಸಬೇಡಿ. 12 ಪಾತ್ರಗಳಿಗೆ ಇದು ದೊಡ್ಡ ಗಾತ್ರವೇನಲ್ಲ.

ಇನ್ನು ಆಸೆ ಹುಟ್ಟುವ ಬಗೆ. ದಿನಾ ಬೆಳಿಗ್ಗೆ ಚೀಟಿ ಎತ್ತುವುದನ್ನು ನಿಲ್ಲಿಸಿ. ಲೋಕದಲ್ಲಿ ಘಟನೆ ನಡೆದಾಗ, ಅದನ್ನು ಕಂಡವರಿಗೆ ಅಥವಾ ಕೇಳಿದವರಿಗೆ ಮಾತ್ರ ಆಸೆಯ ಅಭ್ಯರ್ಥಿಗಳು ಹುಟ್ಟಲಿ. ನಿಮ್ಮ ಪುಣ್ಯಕ್ಕೆ ಕಾಫಿ ತೋಟದಲ್ಲಿ ಘಟನೆಗಳಿಗೆ ಬರವಿಲ್ಲ. ಫೆಬ್ರುವರಿಯಿಂದ ಏಪ್ರಿಲ್ ನಡುವೆ ಕಾಫಿ ಹೂ ಅರಳಿಸುವ ಹೂಮಳೆ ಬಂತೇ ಇಲ್ಲವೇ, ಅದಾದ ಎರಡು ಮೂರು ವಾರಕ್ಕೆ ಕಾಯಿ ಕಚ್ಚಲು ಬೇಕಾದ ಇನ್ನೊಂದು ಮಳೆ ಬಂತೇ, ಮುಂಗಾರಿಗೆ ಮೊದಲು ಬೋರ್ಡೋ (ಶಿಲೀಂಧ್ರ ರೋಗ ತಡೆಯುವ ಔಷಧಿ) ಸಿಂಪಡಿಸಿ ಆಯಿತೇ, ನವೆಂಬರಿನಿಂದ ಜನವರಿವರೆಗೆ ಅರೇಬಿಕಾ ಕೊಯ್ಲಿಗೆ ಆಳು ಸಿಕ್ಕರೇ, ಅದರ ಬೆನ್ನಿಗೇ ರೊಬಸ್ಟಾ, ಆಮೇಲೆ ಮೆಣಸು, ಇದರ ನಡುವೆ ತೋಟಕ್ಕೆ ಆನೆ ಬಂತೇ. ಇವೆಲ್ಲ ನಿಮ್ಮ ಹವಾಮಾನ ಮತ್ತು ಬೆಳೆಯ ಕೋಡ್ ಈಗಾಗಲೇ ಲೆಕ್ಕ ಹಾಕುತ್ತಿರುವ ಸಂಗತಿಗಳು. ಅವು ಆಸೆಯ ಕೋಡಿಗೆ ಸುದ್ದಿ ಮುಟ್ಟಿಸಿದರೆ ಸಾಕು.

ತೀವ್ರತೆಯ ಲೆಕ್ಕ ಹೀಗಿರಲಿ: ಘಟನೆಯ ಮೂಲ ಬಲ × ಸ್ವಭಾವ × ನೆನಪು. ಬೇರೆಯವರ ಪ್ರಬಲ ಆಸೆಯ ಒಂದು ಪಾಲು ಇದಕ್ಕೆ ಕೂಡಲಿ. ಉದಾಹರಣೆ ಹಾಕಿ ನೋಡೋಣ. ಡಿಸೆಂಬರ್, ಮಧ್ಯಾಹ್ನ ನಾಲ್ಕು ಗಂಟೆ. ಕಣದಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ) ಒಣಗುತ್ತಿದೆ, ಮೋಡ ಕವಿದಿದೆ. "ಕಣಕ್ಕೆ ಟಾರ್ಪಾಲು ಹೊದಿಸಬೇಕು" ಎಂಬ ಆಸೆಯ ಮೂಲ ಬಲ 60 ಎನ್ನಿ. ಶಾಂತಮ್ಮನಿಗೆ ಹೊಣೆಗಾರಿಕೆ ಹೆಚ್ಚು, 1.3; ಹೋದ ವರ್ಷ ಒಮ್ಮೆ ನೆನೆದು ಬೂಸ್ಟು ಹಿಡಿದ ನೆನಪಿದೆ, 1.2. ಒಟ್ಟು 93.6. ಮೊಮ್ಮಗಳು ಕಾವ್ಯಳಿಗೆ ತೋಟದ ಮೇಲೆ ಅಷ್ಟು ಮನಸ್ಸಿಲ್ಲ, 0.7, ಅವಳದು 42. ಆದರೆ ಶಾಂತಮ್ಮನ ಆತಂಕವನ್ನು ಅವಳು ಕಣ್ಣಾರೆ ನೋಡುತ್ತಿದ್ದಾಳೆ. ಹತ್ತಿರದವರ ಆಸೆಯ ಕಾಲು ಭಾಗವನ್ನು ಸಂಬಂಧದ ಗಾಢತೆಯಿಂದ (ಇಲ್ಲಿ 0.8) ಗುಣಿಸಿ ಕೂಡಿಸಿ: 18.7. ಒಟ್ಟು 60.7. ಅದೇ ಸಂಜೆ ಸಕಲೇಶಪುರದಲ್ಲಿ ಅವಳ ಗೆಳತಿಯ ಹುಟ್ಟುಹಬ್ಬ. ಮೂಲ ಬಲ 50, ಸ್ನೇಹಪರತೆ 1.4, ಒಟ್ಟು 70. ಕಾವ್ಯ ಬಸ್ಸಿಗೆ ಹೊರಟಿದ್ದಾಳೆ.

ಇಲ್ಲಿ ಇನ್ನೊಂದು ನಿಯಮ ಬೇಕು. ಈಗ ಕೈಯಲ್ಲಿರುವ ಆಸೆಯನ್ನು ಹೊಸದೊಂದು ಪಕ್ಕಕ್ಕೆ ಸರಿಸಬೇಕಾದರೆ ಕನಿಷ್ಠ 15 ಅಂಕ ಹೆಚ್ಚಿರಬೇಕು. ಈ ಅಂತರ ಇಲ್ಲದಿದ್ದರೆ ಪಾತ್ರ ಗೇಟಿನವರೆಗೆ ಹೋಗಿ ಕಣಕ್ಕೆ ವಾಪಸ್, ಮತ್ತೆ ಗೇಟಿಗೆ, ಹೀಗೆ ಅಲೆದಾಡುತ್ತದೆ. ಲೈಫ್ ಸಿಮ್ಯುಲೇಷನ್‌ಗಳಲ್ಲಿ ಪಾತ್ರಕ್ಕೆ ತಲೆಕೆಟ್ಟಂತೆ ಕಾಣಿಸುವ ಬಗ್‌ಗಳಲ್ಲಿ ಇದು ತೀರಾ ಸಾಮಾನ್ಯವಾದದ್ದು. ಕಾವ್ಯ ನಿಲ್ಲಬೇಕಾದರೆ ಕಣದ ಆಸೆ 85 ದಾಟಬೇಕು. ತಾನಾಗಿ ಅದು ದಾಟುವುದಿಲ್ಲ. ಆಟಗಾರ ಶಾಂತಮ್ಮನ ಬಾಯಿಂದ "ಕಾವ್ಯ, ಒಂದ್ ಗಳಿಗೆ ಬಾರೇ, ಮಳೆ ಬರೋ ಹಂಗದೆ" ಅನ್ನಿಸಿದರೆ 30 ಅಂಕ ಸೇರಿ 90.7 ಆಗುತ್ತದೆ. ಕಾವ್ಯ ನಿಲ್ಲುತ್ತಾಳೆ, ಹುಟ್ಟುಹಬ್ಬ ತಪ್ಪುತ್ತದೆ, ಅದರ ನೆನಪು ಉಳಿಯುತ್ತದೆ. ಆಟಗಾರನ ಕೈಯಲ್ಲಿ ಇರಬೇಕಾದ ಅಧಿಕಾರ ಇಷ್ಟೇ: ಒಂದು ಮಾತು, ಅದಕ್ಕೊಂದು ಬೆಲೆ. ಯಾವ ಬರಹಗಾರನೂ ಈ ದೃಶ್ಯವನ್ನು ಮೊದಲೇ ಬರೆದಿಡಲಿಲ್ಲ, ಎರಡು ಸಾಲು ಗುಣಾಕಾರದಿಂದ ಅದು ಹುಟ್ಟಿತು.

ಅಗತ್ಯಗಳೂ ಇದೇ ಮಾಪನದಲ್ಲಿ ಸ್ಪರ್ಧಿಸಬೇಕು, ಆದರೆ ನೇರ ಗೆರೆಯಲ್ಲಲ್ಲ. ಹೊಟ್ಟೆ ಪೂರ್ತಿ ತುಂಬಿದ್ದರೆ 100 ಎಂದು ಇಟ್ಟುಕೊಳ್ಳಿ. 100ರಿಂದ ಈಗಿನ ಮಟ್ಟವನ್ನು ಕಳೆದು, ನೂರರಿಂದ ಭಾಗಿಸಿ, ವರ್ಗ ಮಾಡಿ, ಮತ್ತೆ ನೂರರಿಂದ ಗುಣಿಸಿ. ಮಟ್ಟ 70 ಇದ್ದರೆ ಹಸಿವಿನ ಒತ್ತಡ 9. ಮಟ್ಟ 40ಕ್ಕೆ ಇಳಿದರೆ 36. 15ಕ್ಕೆ ಇಳಿದರೆ 72. ಅಂದರೆ ಕಾವ್ಯ ಬೆಳಗಿನಿಂದ ಏನೂ ತಿಂದಿಲ್ಲದಿದ್ದರೆ ಮಾತ್ರ ಹಸಿವು ಹುಟ್ಟುಹಬ್ಬದ ಆಸೆಯನ್ನು ಸಮೀಪಿಸುತ್ತದೆ. ನೇರ ಗೆರೆ ಇಟ್ಟರೆ ಅರ್ಧ ಹೊಟ್ಟೆ ತುಂಬಿದವರೂ ದಿನವಿಡೀ ಅಡುಗೆಮನೆ ಸುತ್ತುತ್ತಾರೆ, ಆಸೆಗಳಿಗೆ ಸರದಿಯೇ ಬರುವುದಿಲ್ಲ.

ಆಯಸ್ಸು, ಜಾಗ, ಸಂಖ್ಯೆ

ನಿಮ್ಮ ಪಂಚಾಂಗ ಹೇಗಿದೆ ಎಂದು ಬರೆದಿಲ್ಲ. ತಿಂಗಳಿಗೆ ನಾಲ್ಕು ದಿನ, ವರ್ಷಕ್ಕೆ 48 ದಿನ, ದಿನಕ್ಕೆ 15 ನಿಮಿಷ ಇಡುವುದು ಸೂಕ್ತ. ಒಂದು ವರ್ಷ 12 ಗಂಟೆಯ ಆಟ. ಅರೇಬಿಕಾ ಕೊಯ್ಲಿಗೆ 12 ದಿನ ಸಿಗುತ್ತದೆ, ಹೂಮಳೆಗೂ ಮುಂದಿನ ಮಳೆಗೂ ನಡುವೆ ಎರಡು ಮೂರು ದಿನ. ಈ ಲೆಕ್ಕದಲ್ಲಿ ಸಣ್ಣ ಆಸೆಯ ತೀವ್ರತೆ ದಿನಕ್ಕೊಮ್ಮೆ ಅರ್ಧವಾಗಲಿ, 20ಕ್ಕಿಂತ ಕೆಳಗೆ ಬಂದರೆ ಮಾಯವಾಗಲಿ. 70ರ ಆಸೆ ಮರುದಿನ 35, ಅದರ ಮರುದಿನ 17.5, ಅಲ್ಲಿಗೆ ಮುಗಿಯಿತು. ಕಾರಣ ಮತ್ತೆ ಕಂಡರೆ (ಗೆಳತಿ ಫೋನ್ ಮಾಡಿದಳು, ಮೋಡ ಮತ್ತೆ ಬಂತು) ಏರಲಿ.

ಪರದೆಯ ಮೇಲೆ ಒಬ್ಬರಿಗೆ ಎರಡು ಆಸೆ, ಒಂದು ಭಯ, ಒಂದು ಗುರಿ ಸಾಕು. ಒಳಗಡೆ ಹತ್ತು ಅಭ್ಯರ್ಥಿಗಳಿರಲಿ. 12 ಜನಕ್ಕೆ ಮೂರು ಮೂರು ಎಂದರೆ 36 ಆಸೆ. ಯಾರೂ ನೆನಪಿಡಲಾರರು, ಪಟ್ಟಿ ಓದುವ ಕೆಲಸ ಅಲ್ಲೇ ಶುರುವಾಗುತ್ತದೆ. ಯಾರನ್ನು ಒತ್ತಿದರೆ ಅವರದು ಮಾತ್ರ ಕಾಣಲಿ. ಉಳಿದವರದು ಮುಖ, ನಡಿಗೆ, ಮಾತಿನಲ್ಲಿ ತಿಳಿಯಲಿ.

ಭಯವನ್ನು ಬಿಡಬೇಡಿ. ಆಸೆ ಮತ್ತು ಭಯ ಒಂದೇ ಘಟನೆಯಿಂದ ಹುಟ್ಟಿದಾಗ ಪಾತ್ರಕ್ಕೆ ಆಳ ಬರುತ್ತದೆ. ಕಾವ್ಯಳಿಗೆ ಬೆಂಗಳೂರಿನಲ್ಲಿ ಕೆಲಸದ ಸಂದರ್ಶನ ಎಂದರೆ ಅವಳಿಗೆ ಆಸೆ, ಅಪ್ಪ ಚಂದ್ರಣ್ಣನಿಗೆ ಭಯ. ಭಯವನ್ನು ಬೇರೆ ಕೋಡಾಗಿ ಬರೆಯಬೇಕಾಗಿಲ್ಲ, ಅದೇ ದಾಖಲೆಗೆ ಚಿಹ್ನೆ (+ ಇದ್ದದ್ದನ್ನು − ಎಂದು) ಬದಲಿಸಿದರೆ ಆಯಿತು.

ಎಲ್ಲರಿಗೂ ಒಂದೇ ಆಸೆ ಬರುವ ತೊಂದರೆ ಖಂಡಿತ ಎದುರಾಗುತ್ತದೆ. ಊರಿಗೆಲ್ಲ ಗೊತ್ತಾಗುವ ಘಟನೆ, ಉದಾಹರಣೆಗೆ ಆನೆ ತೋಟಕ್ಕೆ ಇಳಿದದ್ದು, ಹನ್ನೆರಡು ಜನರಿಗೂ ಒಂದೇ ಸಾಲು ಹುಟ್ಟಿಸುತ್ತದೆ. ಒಂದು ಘಟನೆಗೆ ಕನಿಷ್ಠ ನಾಲ್ಕು ಬೇರೆ ಪ್ರತಿಕ್ರಿಯೆ ಬರೆಯಿರಿ. ತೋಟದ ಲೆಕ್ಕ ಬರೆಯುವ ರೈಟರ್ ರಮೇಶನಿಗೆ ನಷ್ಟ ಬರೆದಿಟ್ಟು ಅರ್ಜಿ ಕೊಡಬೇಕು, ಶಾಂತಮ್ಮನಿಗೆ ಯಾರೂ ಕತ್ತಲಲ್ಲಿ ಓಡಾಡಬಾರದು, ಲೈನ್ ಮನೆಯ ಕೂಲಿಯವರಿಗೆ ನಾಳೆ ಕೆಲಸ ಉಂಟೋ ಇಲ್ಲವೋ ತಿಳಿಯಬೇಕು, ಹುಡುಗನಿಗೆ ಹೋಗಿ ಹೆಜ್ಜೆ ಗುರುತು ನೋಡಬೇಕು. ಒಂದೇ ಬಗೆಯ ಆಸೆ ಏಕಕಾಲಕ್ಕೆ ಮೂವರಿಗಿಂತ ಹೆಚ್ಚು ಜನರಲ್ಲಿ ಇರದಂತೆ ಮಿತಿ ಹಾಕಿ.

ಅಸಾಧ್ಯದ ಆಸೆಯ ವಿಚಾರದಲ್ಲಿ ಸ್ವಲ್ಪ ಸೂಕ್ಷ್ಮ ಬೇಕು. ಜೂನ್ ತಿಂಗಳಲ್ಲಿ ಶಾಂತಮ್ಮನಿಗೆ ಹಾಸನಾಂಬೆಯ ದರ್ಶನ ಮಾಡಬೇಕು ಅನ್ನಿಸಬಾರದೇ? ಅನ್ನಿಸಬಹುದು. ಆದರೆ ಆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆದು ದೀಪಾವಳಿ ಮುಗಿಯುವ ಹೊತ್ತಿಗೆ ಮುಚ್ಚುತ್ತದೆ. ಜೂನ್‌ನಲ್ಲಿ ಅದನ್ನು ಎರಡು ದಿನದ ಆಸೆಯಾಗಿ ತೋರಿಸಿದರೆ ಆಟಗಾರನಿಗೆ ಮೋಸ. ಹರಕೆಯಾಗಿ, ಅಂದರೆ ಪಂಚಾಂಗದ ಕಿಟಕಿ ಇರುವ ಗುರಿಯಾಗಿ ಇಡಿ: ತಿಂಗಳುಗಟ್ಟಲೆ ಸುಮ್ಮನೆ ಮಲಗಿರುತ್ತದೆ, ಕಿಟಕಿ ಹತ್ತಿರ ಬಂದಂತೆ ಎಚ್ಚರಗೊಳ್ಳುತ್ತದೆ, ಬಾಗಿಲು ತೆರೆದಿರುವ ಆ ಎರಡು ಗೇಮ್ ದಿನ ತೀವ್ರತೆ 80ಕ್ಕೆ ಏರುತ್ತದೆ, ತಪ್ಪಿದರೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಕೊಯ್ಲು ಶುರುವಾಗುವ ಹೊತ್ತಿಗೇ ದೀಪಾವಳಿ ಬರುವುದರಿಂದ "ತೋಟ ಬಿಟ್ಟು ಹೇಗೆ ಹೋಗೋದು" ಎಂಬ ತಾಪತ್ರಯ ತಾನಾಗಿ ಕೂಡಿಬರುತ್ತದೆ. ನಿಮ್ಮ ಜಿಲ್ಲೆಯೇ ನಿಮಗೆ ಕೊಟ್ಟ ಇಂಥ ಕಿಟಕಿಗಳು ಬೇರೆ ಗೇಮ್‌ಗಳಲ್ಲಿ ಸಿಗುವುದು ಅಪರೂಪ. ಧಾರಾಳವಾಗಿ ಬಳಸಿ.

ಗುರಿ ಆಸೆಗಳನ್ನು ಹುಟ್ಟಿಸಬೇಕು

ದೊಡ್ಡ ಗುರಿಯನ್ನು ದೊಡ್ಡ ಆಸೆ ಎಂದುಕೊಂಡು "ಹತ್ತು ಲಕ್ಷ ಸಂಪಾದಿಸು", "ಅಡುಗೆಯಲ್ಲಿ 10ನೇ ಹಂತ ಮುಟ್ಟು" ಎಂದು ಬರೆಯುವುದು ಸಾಮಾನ್ಯ. ಆಗ ಗುರಿ ಒಂದು ಮೀಟರ್ ಆಗುತ್ತದೆ, ತುಂಬುವವರೆಗೆ ಕಾಯುವುದೊಂದೇ ಕೆಲಸ. ಗುರಿ ಮಾಡಬೇಕಾದ ಕೆಲಸವೇ ಬೇರೆ. ಅದು ಘಟನೆಗಳನ್ನು ನೋಡುವ ಕಣ್ಣು. ಅದೇ ಘಟನೆಗೆ ಗುರಿ ಇರುವವನಿಗೆ ಬೇರೆ ಆಸೆ ಹುಟ್ಟುತ್ತದೆ.

ಚಂದ್ರಣ್ಣನ ಗುರಿ "ಹಳೆ ಮನೆಯ ಒಂದು ಭಾಗದಲ್ಲಿ ಹೋಮ್‌ಸ್ಟೇ ಮಾಡಬೇಕು" ಎನ್ನಿ. ಚಿಕ್ಕಮಗಳೂರು, ಸಕಲೇಶಪುರದ ಕಡೆ ಇದಕ್ಕಿಂತ ನಂಬುವಂಥ ಗುರಿ ಸಿಗಲಾರದು. ಹೆಂಚು ಸೋರಿದರೆ ಬೇರೆಯವರಿಗೆ "ದುರಸ್ತಿ ಮಾಡಿಸಬೇಕು" ಅನ್ನಿಸುತ್ತದೆ, ಅವನಿಗೆ "ಹೇಗೂ ಮಾಡಿಸ್ತೀವಿ, ಪಕ್ಕದಲ್ಲೊಂದು ಬಚ್ಚಲು ಸೇರಿಸಬೇಕು" ಅನ್ನಿಸುತ್ತದೆ. ದಾರಿ ತಪ್ಪಿದ ಪ್ರವಾಸಿ ಗೇಟಿಗೆ ಬಂದರೆ "ಊಟ ಹಾಕಿ ಕಳಿಸಬೇಕು" ಅನ್ನಿಸುತ್ತದೆ. ಮೆಣಸಿಗೆ ಒಳ್ಳೆ ಬೆಲೆ ಬಂದರೆ ಆ ದುಡ್ಡು ಎಲ್ಲಿಗೆ ಹೋಗಬೇಕು ಎಂಬುದರ ಮೇಲೆ ಶಾಂತಮ್ಮನ ಜೊತೆ ಜಗಳ. ಕೋಡಿನಲ್ಲಿ ಇದು ಸರಳ: ಗುರಿಯ ದಾಖಲೆಯಲ್ಲಿ "ಈ ಬಗೆಯ ಘಟನೆ ಬಂದರೆ ಈ ಆಸೆಯನ್ನೂ ಅಭ್ಯರ್ಥಿಯಾಗಿ ಸೇರಿಸು, 20 ಅಂಕ ಹೆಚ್ಚು ಕೊಡು" ಎಂಬ ಆರೇಳು ಸಾಲುಗಳು.

ಮೆಟ್ಟಿಲುಗಳು ಮೂರರಿಂದ ಐದು ಇರಲಿ. ಪ್ರತಿಯೊಂದನ್ನೂ ಮುಟ್ಟಲು ಕನಿಷ್ಠ ಎರಡು ದಾರಿ ಇರಲಿ. ಹೋಮ್‌ಸ್ಟೇಗೆ ದುಡ್ಡು ಬ್ಯಾಂಕಿನಿಂದಲೂ ಬರಬಹುದು, ಸಿಲ್ವರ್ ಮರ ಮಾರಿಯೂ ಬರಬಹುದು. ಎರಡನೆಯದಕ್ಕೆ ತೋಟದ ನೆರಳು, ಬಳ್ಳಿ ಹಬ್ಬಿದ್ದ ಮೆಣಸು ಎರಡೂ ಹೋಗುತ್ತವೆ. ಒಂದೇ ದಾರಿ ಇಟ್ಟರೆ ಒಂದು ಬಾಗಿಲು ಮುಚ್ಚಿದಾಗ ಗುರಿ ಅಲ್ಲೇ ಕೊಳೆಯುತ್ತದೆ.

ಗುರಿ ಬದಲಾಗುವ ಗಳಿಗೆಗಳನ್ನೂ ಬರೆಯಿರಿ: ಮದುವೆ, ಸಾವು, ಮಗು, ದೊಡ್ಡ ನಷ್ಟ, ವಯಸ್ಸಿಗೆ ಇನ್ನೂ ಹತ್ತು ವರ್ಷ ಸೇರುವುದು. ಆಗ ಪಾತ್ರ ಗುರಿಯನ್ನು ಮತ್ತೆ ತೂಗಿ ನೋಡಲಿ. ಒಂದು ಇಡೀ ಗೇಮ್ ವರ್ಷ ಯಾವ ಮೆಟ್ಟಿಲನ್ನೂ ಹತ್ತದಿದ್ದರೆ ಕೈಬಿಡುವ ಸಾಧ್ಯತೆ ತೆರೆಯಲಿ. ಕೈಬಿಡುವುದನ್ನು ಸೋಲು ಎಂದು ತೋರಿಸಬೇಡಿ. ಅದು ಶಾಶ್ವತ ನೆನಪಾಗಿ ಉಳಿದು, ಮುಂದೆ ಕಾವ್ಯ ಅದೇ ಗುರಿಯನ್ನು ಎತ್ತಿಕೊಂಡರೆ ಚಂದ್ರಣ್ಣನಿಗೆ ಅದರ ಬಗ್ಗೆ ಹೇಳುವುದಕ್ಕೆ ಒಂದು ಮಾತಿರಬೇಕು. ಡ್ವಾರ್ಫ್ ಫೋರ್ಟ್ರೆಸ್ ಎಂಬ ಗೇಮ್‌ನಲ್ಲಿ ಪ್ರತಿ ಕುಳ್ಳನಿಗೂ ಜೀವನದ ಕನಸು ಒಂದಿರುತ್ತದೆ, ಸಂಸಾರ ಕಟ್ಟುವುದು, ಒಂದು ವಿದ್ಯೆಯಲ್ಲಿ ನಿಪುಣನಾಗುವುದು ಹೀಗೆ. ಅದು ಈಡೇರದೆಯೂ ಅವನು ಬಾಳಿ ಹೋಗಬಹುದು. ಈ ಸಮಾಧಾನವನ್ನು ಅಲ್ಲಿಂದ ಕಲಿಯಬಹುದು.

ನಾಣ್ಯದ ಬದಲು

ಈಡೇರಿದ ಆಸೆ ಮೂರು ಕೆಲಸ ಮಾಡಲಿ: ಮನಸ್ಸಿನ ಮಟ್ಟ ಏರಿಸಲಿ, ಒಂದು ನೆನಪು ಬಿಡಲಿ, ಸಂಬಂಧಪಟ್ಟವರೊಡನೆ ನಂಟು ಬದಲಿಸಲಿ. ಸಣ್ಣ ಆಸೆಗೆ ಮನಸ್ಸಿನ ಮಟ್ಟ 8ರಿಂದ 12 ಅಂಕ ಏರಿ ಒಂದು ದಿನ ಉಳಿಯಲಿ. ಸುಮ್ಮನೆ ಆರಿಹೋದರೆ ಕಳೆಯುವುದು 3ಕ್ಕಿಂತ ಹೆಚ್ಚಿರಬಾರದು. ಎರಡನ್ನೂ ಸಮ ಮಾಡಿದರೆ ಆಟಗಾರ ಆಸೆ ಹುಟ್ಟಿದ್ದನ್ನು ಕಂಡರೇ ಹೆದರುತ್ತಾನೆ. ಕೊಟ್ಟ ಮಾತು ಮುರಿದದ್ದಕ್ಕೆ ಮಾತ್ರ ದೊಡ್ಡ ಪೆಟ್ಟು ಇಡಿ, 15 ಅಂಕ, ನಂಟಿಗೂ ಸೇರಿ. ಮಾತು ಕೊಟ್ಟದ್ದು ಆಟಗಾರನೇ ಆದ್ದರಿಂದ ಅದು ಅನ್ಯಾಯ ಅನ್ನಿಸುವುದಿಲ್ಲ.

ಅದೇ ಆಸೆ ಮತ್ತೆ ಮತ್ತೆ ಈಡೇರಿದರೆ ಫಲ ಇಳಿಯಲಿ: ಮೊದಲ ಸಲ ಪೂರ್ತಿ, ನಾಲ್ಕು ದಿನದೊಳಗೆ ಎರಡನೇ ಸಲ 60 ಶೇಕಡಾ, ಮೂರನೇ ಸಲ 30. ಇದಿಲ್ಲದಿದ್ದರೆ ಆಟಗಾರ ಶಾಂತಮ್ಮನಿಗೆ ದಿನಕ್ಕೆ ಐದು ಸಲ ಕಾಫಿ ಕುಡಿಸಿ ಸುಖವಾಗಿಡುತ್ತಾನೆ. ಸ್ಟಾರ್‌ಡ್ಯೂ ವ್ಯಾಲಿ ಎಂಬ ಗೇಮ್ ಇದನ್ನು ತಡೆಯಲು ಒಬ್ಬರಿಗೆ ವಾರಕ್ಕೆ ಎರಡೇ ಉಡುಗೊರೆ ಎಂಬ ಮಿತಿ ಹಾಕಿತು. ಅಲ್ಲಿ ಯಾರಿಗೆ ಏನಿಷ್ಟ ಎಂಬುದು ಮೊದಲೇ ಗೊತ್ತುಮಾಡಿಟ್ಟದ್ದು; ಒಮ್ಮೆ ತಿಳಿದವನು ಮತ್ತೆ ಆ ಪಾತ್ರವನ್ನು ಗಮನಿಸಬೇಕಾಗಿಲ್ಲ. ಆ ಗೇಮ್‌ಗೆ ಕೃಷಿಯ ಸೊಗಸೇ ಸಾಕಾದ್ದರಿಂದ ನಡೆಯಿತು. ನಿಮ್ಮ ಗೇಮ್ ನಿಂತಿರುವುದೇ ಪಾತ್ರಗಳ ಮೇಲೆ, ನಿಮಗೆ ನಡೆಯದು.

ಸುಖ ಅಭ್ಯಾಸವಾಗುವುದನ್ನೂ ಸೇರಿಸಿ. ರಿಮ್‌ವರ್ಲ್ಡ್ ಎಂಬ ಗೇಮ್‌ನಲ್ಲಿ ವಸಾಹತು ಶ್ರೀಮಂತವಾದಂತೆ ಜನರ ನಿರೀಕ್ಷೆ ಏರುತ್ತದೆ, ಅದೇ ಊಟ ಅದೇ ಕೋಣೆ ಮೊದಲಿನಷ್ಟು ಸಂತೋಷ ಕೊಡುವುದಿಲ್ಲ. ಇದಿಲ್ಲದಿದ್ದರೆ ಮನೆ ಸುಧಾರಿಸಿದ ಮೇಲೆ ಯಾರಿಗೂ ಏನೂ ಬೇಡವಾಗಿ ಆಟ ಸಪ್ಪೆಯಾಗುತ್ತದೆ.

ಆಟಗಾರ ಗಮನಿಸದಿದ್ದರೆ ಪಾತ್ರ ತಾನಾಗಿ ಏನು ಮಾಡಬೇಕು? ಸಣ್ಣ ಆಸೆಯನ್ನು ತಾನೇ ತೀರಿಸಿಕೊಳ್ಳಲಿ, ಆದರೆ ಪ್ರತಿ ಸಲವೂ ಅತಿ ಹೆಚ್ಚು ಅಂಕದ್ದನ್ನೇ ಆರಿಸಬಾರದು. ಮೇಲಿನ ಮೂರರಲ್ಲಿ ಅಂಕಕ್ಕೆ ತಕ್ಕ ಸಂಭವನೀಯತೆಯಿಂದ ಒಂದನ್ನು ಆರಿಸಲಿ. ಯಾವಾಗಲೂ ಮೊದಲನೆಯದನ್ನೇ ಆರಿಸಿದರೆ ಪಾತ್ರ ಯಂತ್ರದಂತೆ ಕಾಣುತ್ತದೆ, ಆಟಗಾರನ ಅವಶ್ಯಕತೆಯೂ ಉಳಿಯುವುದಿಲ್ಲ. ಗುರಿಯ ವಿಷಯದಲ್ಲಿ ಮೊದಲ ಮೆಟ್ಟಿಲಿನವರೆಗೆ ಮಾತ್ರ ಸ್ವಂತ ಓಟ. ಜಮೀನು ಮಾರುವುದು, ಮದುವೆ, ಊರು ಬಿಡುವುದು ಇಂಥವು ಹಿಂದಕ್ಕೆ ಬಾರದ ನಿರ್ಧಾರಗಳು. ಮೂರು ದಿನವಾದರೂ ಮುನ್ಸೂಚನೆ ಕಾಣದೆ, ಆಟಗಾರನಿಗೆ ತಡೆಯುವ ಅವಕಾಶ ಕೊಡದೆ ಎಂದೂ ನಡೆಯಬಾರದು.

ಇದಕ್ಕೆ ಸೇರಿದ ಒಂದು ಅಡ್ಡ ವಿಚಾರ: ಆಟವನ್ನು ಮೂರು ಪಟ್ಟು ವೇಗದಲ್ಲಿ ಓಡಿಸುವವರು ಬಹಳ. ಆ ವೇಗದಲ್ಲಿ ಹುಟ್ಟಿ, ಪರದೆಗೆ ಬರದೆಯೇ ಆರಿದ ಆಸೆಗೆ ದಂಡ ಹಾಕಬೇಡಿ. "ಆಟಗಾರನ ಕಣ್ಣಿಗೆ ಬಿತ್ತೇ" ಎಂಬ ಒಂದು ಹೌದು/ಇಲ್ಲ ಗುರುತನ್ನು ದಾಖಲೆಗೆ ಒಂಬತ್ತನೇ ಭಾಗವಾಗಿ ಸೇರಿಸಿ.

ಆಸೆಗೆ ಬೇಕಾದ ವ್ಯಕ್ತಿ ಸತ್ತರೆ ಅಥವಾ ಊರು ಬಿಟ್ಟರೆ ದಾಖಲೆಯನ್ನು ಸದ್ದಿಲ್ಲದೆ ಅಳಿಸಬೇಡಿ. ತೀವ್ರತೆ 50ಕ್ಕಿಂತ ಹೆಚ್ಚಿದ್ದರೆ ಅದು ಕೊರಗಾಗಿ ಬದಲಾಗಲಿ, ಬೇರೆಯದೇ ಆಸೆಗಳನ್ನು ಹುಟ್ಟಿಸಲಿ: ಅವರ ಫೋಟೋ ಹಾಕಿಸಬೇಕು, ಅವರು ಹೇಳಿದ್ದ ಕೆಲಸ ಮುಗಿಸಬೇಕು.

ಕನ್ನಡದ ಸಾಲುಗಳು

ಬೇರೆ ಭಾಷೆಯ ಗೇಮ್‌ಗಳ ಮಾದರಿಯಲ್ಲಿ ವಾಕ್ಯದ ನಡುವೆ ಖಾಲಿ ಜಾಗ ಬಿಟ್ಟು ಹೆಸರು ತುಂಬಿಸಿದರೆ ಕನ್ನಡ ಕೆಡುತ್ತದೆ. ಕಾವ್ಯಳಿಗೆ, ರಮೇಶನಿಗೆ, ಅಜ್ಜಿಗೆ, ಹಾಸನಕ್ಕೆ, ಬೇಲೂರಿಗೆ. ಪ್ರತ್ಯಯ ಹೆಸರಿಗೊಂದು ಬಗೆ. ನಿಯಮ ಬರೆದು ಸೇರಿಸುವ ಸಾಹಸ ಬೇಡ. ಪ್ರತಿ ಹೆಸರಿಗೂ ಆರು ರೂಪಗಳನ್ನು ಕೈಯಿಂದ ಬರೆದಿಟ್ಟುಕೊಳ್ಳಿ. 12 ಜನ, 20 ಸ್ಥಳ, 60 ವಸ್ತು ಎಂದರೆ 552 ರೂಪಗಳು, ಒಂದು ಭಾನುವಾರದ ಕೆಲಸ. ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬ 12×12ರ ಇನ್ನೊಂದು ಕೋಷ್ಟಕವೂ ಬೇಕು. ಕಾವ್ಯಳ ಆಸೆಯಲ್ಲಿ "ಶಾಂತಮ್ಮನ ಕಡುಬು" ಎಂದು ಬಂದರೆ ಅವಳು ಆ ಮನೆಯ ಮಗಳೇ ಅಲ್ಲ ಅನ್ನಿಸಿಬಿಡುತ್ತದೆ. ನೀವು ಗೋಡೋ 4 ಆರಿಸಿದ್ದು ಒಳ್ಳೆಯದಾಯಿತು, ಒತ್ತಕ್ಷರಗಳು ಅದರಲ್ಲಿ ಸರಿಯಾಗಿ ಮೂಡುತ್ತವೆ. ಗೋಡೋ 3ರಲ್ಲಿ ಅದೇ ದೊಡ್ಡ ತಲೆನೋವು.

ಕಾರಣದ ಸಾಲು ಆಸೆಯ ಕೆಳಗೇ ಸಣ್ಣ ಅಕ್ಷರದಲ್ಲಿ ಇರಲಿ, ಪಾತ್ರದ ಮಾತಿನಲ್ಲೇ: "ಸಕಲೇಶಪುರಕ್ಕೆ ಹೋಗ್ಬೇಕು. ಹೋದ್ ವರ್ಷಾನೂ ತಪ್ಪಿಸ್ಕೊಂಡೆ, ಈ ಸಲ ಅವಳು ಮಾತೇ ಬಿಡ್ತಾಳೆ."

ಪರೀಕ್ಷೆ ಮಾಡುವ ಬಗೆ

ಚಿತ್ರ, ಧ್ವನಿ ಯಾವುದೂ ಇಲ್ಲದೆ, ಆಟಗಾರನೂ ಇಲ್ಲದೆ, ಹತ್ತು ಗೇಮ್ ವರ್ಷ ಓಡಿಸಿ ಲಾಗ್ ತೆಗೆಯಿರಿ. ಪ್ರತಿ ಸಾಲಿನಲ್ಲಿ ಯಾರು, ಯಾವ ಆಸೆ, ಯಾವ ಘಟನೆಯಿಂದ, ಹೇಗೆ ಮುಗಿಯಿತು ಎಂಬುದು ಇರಲಿ. ಎಣಿಸಬೇಕಾದದ್ದು ಮೂರು. ತಾನಾಗಿ ಈಡೇರಿದ ಸಣ್ಣ ಆಸೆಗಳು ಕಾಲು ಭಾಗಕ್ಕಿಂತ ಹೆಚ್ಚಿದ್ದರೆ ಆಟಗಾರನಿಗೆ ಕೆಲಸ ಉಳಿದಿಲ್ಲ, ಸ್ವಂತ ಓಟ ಕಡಿಮೆ ಮಾಡಿ. ಒಂದೇ ಪಾತ್ರದ ಆಸೆಗಳಲ್ಲಿ ಒಂದು ಬಗೆಯದೇ ಐದನೇ ಒಂದು ಭಾಗ ದಾಟಿದರೆ ಅದರ ಮೂಲ ಬಲ ಇಳಿಸಿ. ಒಂದೂ ಸಲ ಹುಟ್ಟದ ಆಸೆಗಳ ಷರತ್ತಿನಲ್ಲಿ ಬಹುತೇಕ ತಪ್ಪೇ ಇರುತ್ತದೆ, ಒಂದೊಂದಾಗಿ ನೋಡಿ.

ಮೂವರಲ್ಲಿ ಕೆಲಸ ಹಂಚುವುದಾದರೆ ಒಬ್ಬರು ಘಟನೆಗಳ ಸುದ್ದಿ ಮುಟ್ಟಿಸುವ ಭಾಗ, ಒಬ್ಬರು ಅಂಕದ ಲೆಕ್ಕ ಮತ್ತು ಲಾಗ್, ಒಬ್ಬರು ಸಾಲುಗಳು. ಶುರುವಿಗೆ 12 ಜನ ಬೇಡ. ಶಾಂತಮ್ಮ, ಚಂದ್ರಣ್ಣ, ಕಾವ್ಯ ಮೂವರು, ಹತ್ತು ಬಗೆಯ ಘಟನೆ, ಮೂವತ್ತು ಆಸೆ, ತಲೆಗೊಂದು ಗುರಿ. ಮೂರು ಗುರಿಗಳಲ್ಲಿ ಯಾವ ಎರಡನ್ನೂ ಒಟ್ಟಿಗೆ ಸಲೀಸಾಗಿ ಮುಟ್ಟಲು ಆಗಬಾರದು.

ಆಮೇಲೆ ಹೊಸಬರೊಬ್ಬರಿಗೆ ಅರ್ಧ ಗಂಟೆ ಆಡಲು ಕೊಟ್ಟು, ಪರದೆ ಮುಚ್ಚಿ, ಎರಡು ಪ್ರಶ್ನೆ ಕೇಳಿ: ಕಾವ್ಯಳಿಗೆ ಈಗ ಏನು ಬೇಕು? ಯಾಕೆ? ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬರದಿದ್ದರೆ ಆಸೆಯ ಕೋಡನ್ನು ಮುಟ್ಟಬೇಡಿ. ಕಾರಣದ ಸಾಲುಗಳನ್ನು ಮತ್ತೆ ಬರೆದು, ಘಟನೆ ನಡೆದ ಹೊತ್ತಿಗೆ ಕ್ಯಾಮೆರಾ ಎಲ್ಲಿತ್ತು ಎಂದು ನೋಡಿ. ಎರಡಕ್ಕೂ ಉತ್ತರ ಬಂದ ಮೇಲೆ ನಾಲ್ಕನೇ ಪಾತ್ರವಾಗಿ ರೈಟರ್ ರಮೇಶನನ್ನು ಸೇರಿಸಿ.